ಯಾರು ಯಾರಿಗೆ ಹೇಳಿದರು?

೧

ಈ ಕತೆಯನ್ನು ಬಸ್ಸಿನಿಂದ ಶುರು ಮಾಡುವುದೋ, ನೋಟ್‌ಬುಕ್ಕಿನಿಂದಲೋ ಎಂದು ಒಂದು ವಾರ ಒದ್ದಾಡಿದ್ದೇನೆ. ಬಸ್ಸಿನ ಡ್ರಾಫ್ಟ್ ಹೀಗಿತ್ತು: ೧೯೬೧ರ ಒಂದು ಬೆಳಿಗ್ಗೆ, ಮಲ್ಲಿಪಟ್ಟಣದಲ್ಲಿ ಬಸ್ಸು ನಿಲ್ಲುವ ಕಡೆ, ಟ್ರಂಕಿನ ಮೇಲೆ ಕೂತು ಲಕ್ಷ್ಮಿದೇವಮ್ಮ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ವಾಕ್ಯ ನನಗೆ ಹಿಡಿಸಿತ್ತು. ಅವಳಿಗೆ ಹಿಡಿಸಲಿಲ್ಲ.

"ನಾನು ಅಳ್ತಿದ್ದೆ ಅಂತ ಯಾರಂದ್ರು ಸಾ? ಒಂದು ತೊಟ್ಟೂ ಆಕ್ಲಿಲ್ಲ. ಕ್ವಾಪ ಬಂದಿತ್ತು ನಂಗೆ."

ಹಾಳೆ ಹರಿದೆ. ಹಾಗಾಗಿ ನೋಟ್‌ಬುಕ್ಕು.

೨

ಕೆಂಚಯ್ಯ ಮಲ್ಲಿಪಟ್ಟಣದ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ಕೇರಿಯಿಂದ ಮೇಷ್ಟ್ರಾದ ಮೊದಲಿಗ. ಮೂರು ವರ್ಷದವನಿದ್ದಾಗ ಅಪ್ಪ ತೀರಿಕೊಂಡಿದ್ದ. ಅವ್ವ ಸಣ್ಣಕ್ಕ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಮಗನನ್ನು ಓದಿಸಿದ್ದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಲಕ್ಷ್ಮಿದೇವಮ್ಮ ಹೊಳೆನರಸೀಪುರದವಳು. ಅವಳಿಗೆ ಅಕ್ಷರ ಕಲಿಸಿದವನು ಅವನೇ. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬ.

ಒಂದು ಭಾನುವಾರ ಪಾಠದ ಟಿಪ್ಪಣಿ ಬರೆಯಲು ನೋಟ್‌ಬುಕ್ ತೆಗೆದರೆ, ಕೊನೆಯ ಹಾಳೆಯಲ್ಲಿ ಅವನೇ ತಿದ್ದಿಸಿದ ದುಂಡು ಅಕ್ಷರಗಳಲ್ಲಿ ಒಂದು ಹಾಡಿತ್ತು.

ಉಣ್ಣೊ ಗಂಗಳ ತಳ್ಳಿ ಓದೋನೆ, ನಿನ್ನ
ಬೆನ್ನ ನೋಡುತ ನಾನು ನಕ್ಕೇನೊ, ಬಾಗಿಲಿಗೆ
ಅಗಣಿ ಆಕದಲೇ ಮನಗೇನೊ.

ಕಚ್ಚಿದ ತೋಳಿಗೆ ಬೆಣ್ಣೆಯ ಅಚ್ಚೋನೆ,
ಉಚ್ಚು ನಿಂದೇನೊ, ನಂದೇನೊ, ಓಗಂದ್ರೆ
ನಿಚ್ಚಯಾಗಿ ನೀನು ಓಗಬ್ಯಾಡ.

ಒಳೆಯಾಚೆ ಓಗಂದೆ, ಓದೆಲ್ಲೊ ಮೂದೇವಿ,
ಕಳೆ ಕೀಳೊ ಕೈಯೆಲ್ಲ ನಡುಗ್ಯಾವೊ, ಬರದಿದ್ರೆ
ಒಳೆ ಈಜಿ ನಾನೇ ಬರತೀನೊ.

೩

ಪದ್ಯ ಕಂಡರೆ ಅದರ ಸಾರಾಂಶ ಬರೆಯುವುದು ಕೆಂಚಯ್ಯನ ಕಸುಬು. 'ಈ ಮಾತನ್ನು ಯಾರು ಯಾರಿಗೆ ಹೇಳಿದರು?' ಎಂದು ಮಕ್ಕಳನ್ನು ಕೇಳಿ ಕೇಳಿ ಅಭ್ಯಾಸವಾದವನು. ಈಗ ತನ್ನನ್ನೇ ಕೇಳಿಕೊಂಡ.

ಹೇಳಿದವಳು ಯಾರು? ಅಕ್ಷರ ಲಕ್ಷ್ಮಿಯದು. ಯಾರಿಗೆ? ಗಂಗಳ ತಳ್ಳಿ ಎದ್ದವನು ತಾನಂತೂ ಅಲ್ಲ. ಉಪ್ಪಿಲ್ಲದ ಸಾರನ್ನೂ ತುಟಿ ಬಿಚ್ಚದೆ ಉಂಡು ಏಳುವವನು ಅವನು. ತೋಳು ಕಚ್ಚಿದವನು? ಕಬ್ಬು ಕಚ್ಚುವುದಕ್ಕೂ ಹಿಂದೆ ಮುಂದೆ ನೋಡುವ ಕೆಂಚಯ್ಯ ಅಂಥದ್ದನ್ನು ಕನಸಿನಲ್ಲೂ ಮಾಡಿರಲಿಲ್ಲ. ಇನ್ನು ಹೊಳೆ. ಹೊಳೆ ಅಂದರೆ ಅದರ ದಂಡೆಯ ಊರು ರಾಮನಾಥಪುರ. ರಾಮನಾಥಪುರ ಅಂದರೆ ಅವಳ ಸೋದರಮಾವನ ಮಗ ದೇವಯ್ಯ, ಹೊಗೆಸೊಪ್ಪಿನ ಗಾಡಿ ಹೊಡೆಯುವವನು, ಅಗಲ ಎದೆಯವನು, ಮಾತೆತ್ತಿದರೆ ಸಿಡುಕುವವನು.

(ಇಲ್ಲಿ ನಾನು ಕೆಂಚಯ್ಯನಿಗೆ ಹೇಳಿದೆ: ಹಾಡಿಗೆ ಹೀಗೆ ಪೊಲೀಸ್ ತನಿಖೆ ಮಾಡಬಾರದು. ಅವನು ತಿರುಗಿಸಿ ಕೇಳಿದ: "ನಿಮ್ಮ ಹೆಂಡ್ತಿ ಬರೆದಿದ್ರೆ ನೀವು ಏನ್ ಮಾಡ್ತಿದ್ರಿ ಸಾರ್?" ನಾನು ಮುಂದಿನ ಪ್ಯಾರಾಕ್ಕೆ ಹೋದೆ.)

"ಇದು ಯಾರಿಗೆ ಬರೆದದ್ದು?" ಎಂದು ಕೇಳಿದ.

ರಾಗಿ ಕೇರುತ್ತಿದ್ದವಳು ತಲೆಯೆತ್ತಿದಳು. "ಅದು ಪದ ಕಣ್ರೀ. ಚೆಂದಾಗಿತ್ತು, ಬರ್ಕೊಂಡೆ."

"ಯಾರು ಹೇಳಿಕೊಟ್ಟರು?"

"ಯೋಳಲ್ಲ ಅಂತ ಮಾತು ಕೊಟ್ಟಿವ್ನಿ."

"ಅಂದ್ರೆ ಒಬ್ಬರು ಅವ್ರೆ."

"ಅವ್ರೆ."

ಆ ಎರಡಕ್ಷರವನ್ನು ಕೆಂಚಯ್ಯ ಬಿಡಲಿಲ್ಲ. ಮೂರು ದಿನ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೇ ದಿನ ಅವನು ಅನ್ನಬಾರದ್ದನ್ನು ಅಂದ: "ಹೇಳದಿದ್ರೆ ನಿಮ್ಮಪ್ಪನ ಮನೆಗೆ ಹೋಗು." ಅವಳು ಟ್ರಂಕಿಗೆ ಸೀರೆ ತುಂಬಿದಳು. ಹೋಗು ಅನ್ನುವ ತನಕವೂ ಧೈರ್ಯವಿತ್ತು ಅವನಿಗೆ. ಅವಳು ತುಂಬತೊಡಗಿದ ಮೇಲೆ ಅದು ಉಳಿಯಲಿಲ್ಲ. ಆದರೂ ಬೇಡ ಅನ್ನಲಿಲ್ಲ.

೪

ಸಣ್ಣಕ್ಕ ಎಲ್ಲಿದ್ದಳು?

ಜಗುಲಿಯಲ್ಲೇ ಇದ್ದಳು. ಮೂರು ದಿನವೂ ಎಲ್ಲ ಕೇಳಿಸಿಕೊಂಡು ಸುಮ್ಮನೆ ಕೂತಿದ್ದಳು. ಎರಡನೇ ಡ್ರಾಫ್ಟಿನಲ್ಲಿ ನಾನು ಅವಳನ್ನು ಸೊಸೆ ಹೋದರೆ ಸಾಕೆನ್ನುವ ಅತ್ತೆಯಾಗಿ ಮಾಡಿದ್ದೆ, ಸುಲಭವಿತ್ತು. ಅವಳು ಬಂದು ನನ್ನ ಮುಂದೆ ಕೂತಳು.

"ಸುಮ್ಕಿದ್ದುದ್ದು ದಿಟ. ಅದ ಬರಿ. ಯಾಕ್ ಸುಮ್ಕಿದ್ದೆ ಅನ್ನಾದ್ನೂ ಬರಿಯಪ್ಪ."

ಬರೆಯುತ್ತೇನೆ. ಆ ಹಾಡು ಸಣ್ಣಕ್ಕನದು. ಗಂಡ ಬದುಕಿದ್ದಾಗ ಅವಳೇ ಕಟ್ಟಿ, ನಾಟಿ ಮಾಡುವಾಗ ಹೆಂಗಸರ ನಡುವೆ, ಮಗನ ಕಿವಿಗೆ ಬೀಳದಂತೆ ಹಾಡುತ್ತಿದ್ದದ್ದು. ಮಗ ಮೇಷ್ಟ್ರಾದ ದಿನದಿಂದ ನಿಲ್ಲಿಸಿಬಿಟ್ಟಿದ್ದಳು. ಊರಿನ ದೊಡ್ಡ ಮನೆಗಳ ಮಕ್ಕಳೂ ಅವನ ಮುಂದೆ ಕೈಕಟ್ಟಿ ಕೂರುವ ಕಾಲ ಈಗಷ್ಟೇ ಬಂದಿತ್ತು. ಮೇಷ್ಟ್ರ ಅವ್ವ ಇಂಥ ಪದ ಆಡ್ತಾಳೆ ಎಂದು ಯಾರೂ ಆಡಿಕೊಳ್ಳಬಾರದು. ಕಳೆ ಕೀಳುವಾಗ ಒಂದು ಮಧ್ಯಾಹ್ನ ಮೈಮರೆತು ಸೊಸೆಯ ಮುಂದೆ ಹಾಡಿದ್ದಳು. "ಯಾರ್ಗೂ ಯೋಳ್ಬ್ಯಾಡ, ನನ್ ಮಗಂಗಂತೂ ಯೋಳಲೇಬ್ಯಾಡ" ಎಂದು ಮಾತು ತೆಗೆದುಕೊಂಡಿದ್ದಳು. ಸೊಸೆ ಆ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿಯುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ.

೫

ಬಸ್ಸು ತಡವಾಯಿತು. ರಂಗಸ್ವಾಮಿಯ ಟೀ ಅಂಗಡಿಯ ಮುಂದೆ ಏಳೆಂಟು ಜನ ಕಾಯುತ್ತಿದ್ದರು. ಲಕ್ಷ್ಮಿದೇವಮ್ಮ ಟ್ರಂಕಿನ ಮೇಲೆ ಕೂತಿದ್ದಳು (ಅಳುತ್ತಿರಲಿಲ್ಲ). ಕೆಂಚಯ್ಯ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಸಣ್ಣಕ್ಕ ಗದ್ದೆಯಿಂದ ಕೆಸರುಗಾಲಲ್ಲೇ ಬಂದಳು, ಏದುಸಿರು ಬಿಡುತ್ತ.

"ಲೇ ಕೆಂಚಾ, ಆ ಪದ ನಂದು ಕಣ್ಲಾ."

"ಸುಳ್ಳು ಹೇಳಬ್ಯಾಡವ್ವ, ಅವಳನ್ನ ಉಳಿಸಕ್ಕೆ."

ಆಗ ಅವಳು ಹಾಡಿದಳು. ಅಷ್ಟು ಜನರ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ನುಡಿಯನ್ನೂ. ದನಿ ಒಡೆದಿತ್ತು, ರಾಗ ಒಡೆದಿರಲಿಲ್ಲ. ಹಾಡು ನಿಂತ ಮೇಲೆ ರಂಗಸ್ವಾಮಿ ಟೀ ಸೋಸುವುದನ್ನು ಮರೆತು ಕೇಳಿದ: "ಯಾರ ಮ್ಯಾಲೆ ಸಣ್ಣಕ್ಕ ಇದು?"

"ಇವರಪ್ಪನ ಮ್ಯಾಲೆ. ಇನ್ನ್ಯಾರ ಮ್ಯಾಲೆ? ಜಗಳಗಂಟ ಮುಂಡೇದು. ಸಾರು ಸಪ್ಪೆ ಅಂತ ಗಂಗಳ ತಳ್ಬುಟ್ಟು ಎದ್ದೋಗಾದು. ಒಂದ್ಸಲ ಓಗು ಅಂದೆ, ಒಳೆ ದಾಟಿ ಓಗ್ಬುಟ್ಟ. ಎಂಟು ದಿಸಕ್ಕೆ ಬೆಣ್ಣೆ ಮಡಿಕೇಲಿ ತಕಂಡು ಬಂದ." ಮಗನ ಕಡೆ ತಿರುಗಿದಳು. "ನೀನು ಅವನಂಗಲ್ಲ, ಸದ್ಯ. ಆದ್ರೆ ಓಗು ಅನ್ನಾದು ನನ್ತಾವ ಕಲ್ತಿದೀಯ."

ಯಾರೂ ನಗಲಿಲ್ಲ. ಟೀ ಕುಡಿಯುತ್ತಿದ್ದ ಮುದುಕ ಬೋರಪ್ಪ, "ಔದು, ಅವ್ನು ಅಂಗೇ ಇದ್ದ" ಅಂದ, ಅಷ್ಟೇ.

ಹೆಂಡತಿಯನ್ನು ಅನುಮಾನಿಸಿದ ನಾಚಿಕೆಗಿಂತ ಮೊದಲು ಕೆಂಚಯ್ಯನಿಗೆ ಬಂದದ್ದು ಸಮಾಧಾನ. ಅದರ ಜೊತೆಗೆ, ಇಷ್ಟು ವರ್ಷ ಬರಿಯ ಹೆಸರಾಗಿದ್ದ ಅಪ್ಪನಿಗೆ ಸಿಟ್ಟೂ ಹಲ್ಲೂ ಬಂದಿದ್ದವು.

೬

ಓದುಗರು ಇಲ್ಲಿಗೆ ಮುಗಿಸಿ ಅನ್ನುತ್ತಾರೆ. ಅಂತ್ಯ ಒಂದು: ಟ್ರಂಕು ವಾಪಸು ಮನೆಗೆ. ಕೆಂಚಯ್ಯನಿಗೂ ಇದೇ ಬೇಕು. "ಇದನ್ನೇ ಇಟ್ಕೊಳಿ ಸಾರ್." ಅಂತ್ಯ ಎರಡು: ಅವಳು ಹೋದವಳು ಬರಲೇ ಇಲ್ಲ. ಇದು ಪತ್ರಿಕೆಗಳಿಗೆ ಇಷ್ಟವಾಗುತ್ತದೆ. ಲಕ್ಷ್ಮಿದೇವಮ್ಮ ಎರಡಕ್ಕೂ ತಲೆ ಅಲ್ಲಾಡಿಸಿದಳು.

ಬಸ್ಸು ಬಂತು. ಅವಳು ಹತ್ತಿದಳು.

"ಮೂರು ದಿಸ ಇದ್ದು ಬತ್ತೀನಿ," ಎಂದು ಕಿಟಕಿಯಿಂದ ಹೇಳಿದಳು. "ನೀವು ಕಳಿಸ್ತಿರಾದಲ್ಲ ಇದು. ನಾನು ಓಗ್ತಿರಾದು."

ಮೂರನೇ ದಿನ ಸಂಜೆ ಅವನು ಬಸ್ಸಿಗೆ ಕಾದ. ಬರಲಿಲ್ಲ. ಮರುದಿನ ಶಾಲೆಯಲ್ಲಿ ಮಗ್ಗಿ ತಪ್ಪಿ ಹೇಳಿಕೊಟ್ಟ, ಮಕ್ಕಳೇ ತಿದ್ದಿದರು. ಸಂಜೆಯ ಬಸ್ಸಿನಿಂದ ಮೊದಲು ಟ್ರಂಕು ಇಳಿಯಿತು, ಆಮೇಲೆ ಅವಳು.

"ಬೇಕಂತ್ಲೇ ಒಂದಿನ ಜಾಸ್ತಿ ಇದ್ದೆ," ಅಂದಳು.

"ತಪ್ಪಾಯ್ತು."

"ಗೊತ್ತು. ಟ್ರಂಕು ಎತ್ಕಳಿ."

ಅವನು ಎತ್ತಿಕೊಂಡ. ಇಷ್ಟು ಭಾರವಾದ ಟ್ರಂಕನ್ನು ಅಷ್ಟು ಹಗುರವಾಗಿ ಯಾರೂ ಹೊತ್ತಿರಲಾರರು.

೭

ಮುಗಿಯಿತೇ? ಸಣ್ಣಕ್ಕ ಇಲ್ಲ ಅನ್ನುತ್ತಾಳೆ. ಆ ಹಾಡಿಗೆ ನಾಲ್ಕನೇ ನುಡಿಯೊಂದು ಇದೆಯಂತೆ. ಗಂಡ ಬೆಣ್ಣೆ ಮಡಿಕೆ ಹಿಡಿದು ವಾಪಸು ಬಂದ ದಿನ ಕಟ್ಟಿದ್ದು. ಬಸ್ಸಿಗೆ ಕಾಯುವ ಜನರ ಮುಂದೆ ಹಾಡಲು ಆಗದ್ದು. ಕೆಂಚಯ್ಯ ಕೇಳಿದ್ದಕ್ಕೆ, "ಮಕ್ಳು ಕೇಳಾದಲ್ಲ ಓಗ್ಲಾ" ಅಂದಳು. ನಾನೂ ಕೇಳಿದೆ. ಕತೆಗೆ ಬೇಕು, ಅದಿಲ್ಲದೆ ಅರ್ಥ ಪೂರ್ತಿಯಾಗುವುದಿಲ್ಲ ಎಂದು ಗೋಗರೆದೆ.

"ಪೂರ್ತಿಯಾಗಿ ಏನಾಗ್ಬೇಕಪ್ಪ ನಿಂಗೆ?"

ಮರುದಿನ ಶಾಲೆಗೆ ಹೋಗುವಾಗ ಕೆಂಚಯ್ಯ ಗದ್ದೆಯ ಬದುವಿನ ಮೇಲೆ ಬಂದ. ಅತ್ತೆ ಬಗ್ಗಿ ಕಳೆ ಕೀಳುತ್ತ ಏನೋ ಗುನುಗುತ್ತಿದ್ದಳು. ಸೊಸೆ ಕಿವಿಗೊಟ್ಟು ಕೇಳಿ, ಕೈಯ ಕೆಸರು ಮರೆತು ಬಾಯಿ ಮುಚ್ಚಿಕೊಂಡು, ತಡೆಯಲಾರದೆ ನಗುತ್ತ ಬದುವಿನ ಮೇಲೆ ಕೂತುಬಿಟ್ಟಳು. ಅವನಿಗೆ ಒಂದು ಪದವೂ ಕೇಳಿಸಲಿಲ್ಲ. ಹತ್ತಿರ ಹೋಗದೆ, ಶಾಲೆಯ ದಾರಿ ಹಿಡಿದ. ನಾನೂ ಅವನ ಹಿಂದೆಯೇ ನಡೆದೆ, ಬರೆಯಲು ಏನೂ ಸಿಗದೆ.