ಸುಳ್ಳದ ವಾಡೆಯ ತೊಟ್ಟಿಲು

ಹುಬ್ಬಳ್ಳಿ ಬದಿಯ ಸುಳ್ಳ ಗ್ರಾಮದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನ ತೊಟ್ಟಿಲು ಹೋಗುವುದು ಗೌರಕ್ಕನ ವಾಡೆಯಿಂದ. ಅವಳ ಅತ್ತೆಯ ಅತ್ತೆ ಸಾಗವಾನಿಯಲ್ಲಿ ಮಾಡಿಸಿದ್ದು. ಜಾತಿ ಕೇಳದೆ ಕೊಡಬೇಕು, ಖಾಲಿ ತೂಗಬಾರದು, ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಬೇಕು, ಇಷ್ಟೇ ಕರಾರು. ಊರಿನ ಅರ್ಧ ಮಂದಿ ಅದರಲ್ಲಿ ಮಲಗಿ ಅತ್ತವರೇ.

ಅಂಥ ತೊಟ್ಟಿಲನ್ನು ಟೀವಿಯವರ ಕೈಗೆ ಕೊಟ್ಟವಳು ಗೌರಕ್ಕನೇ. ಧಾರಾವಾಹಿಗೆ ಹಳೆಯ ವಾಡೆ ಬೇಕೆಂದು ಬೆಂಗಳೂರಿನಿಂದ ಬಂದ ಮ್ಯಾನೇಜರ್ ಬಾಳಕೃಷ್ಣ, "ಹೆಸರಿಡೋ ಸೀನ್ ಇದೆ, ಜೋಗುಳ ನೀವೇ ಹಾಡಿ ಅಮ್ಮಾ" ಎಂದಿದ್ದ. ಹೊಗಳಿದರೆ ಉಬ್ಬುವ ಜೀವ ಅವಳದು. ಇಲಕಲ್ಲ ಸೀರೆ ಉಟ್ಟು, ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ ಮಲಗಿಸಿ, ಗಂಟಲು ಬಿಟ್ಟು ಹಾಡಿದಳು.

ಸೋಮವಾರ ಸೊಸೆ ರಜನಿ ಟೀವಿ ಹಚ್ಚಿದಾಗ ಕಂಡದ್ದೇ ಬೇರೆ. ಗುಂಡುಕಲ್ಲಿಲ್ಲ, ಕೂಸೂ ಇಲ್ಲ. ಖಾಲಿ ತೊಟ್ಟಿಲು ತಾನೇ ತೂಗುತ್ತಿದೆ, ಒಳಗಿನಿಂದ ಕರಿ ಉಗುರಿನ ಕೈ ಏಳುತ್ತಿದೆ. ಕೂಸು ತಿನ್ನುವ ಆ ದೆವ್ವ ಗೌರಕ್ಕನ ದನಿಯಲ್ಲೇ ಜೋಗುಳ ಹಾಡುತ್ತಿದೆ. ಗೌರಕ್ಕ ಬಾಳಕೃಷ್ಣನಿಗೆ ಫೋನಿನ ಮೇಲೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಎತ್ತಿದ್ದರೂ ಏನು? ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದಂತೆ.

ಶುಕ್ರವಾರ ಅದೇ ಓಣಿಯ ಸಾವಕ್ಕನ ಮೊಮ್ಮಗಳಿಗೆ ಹೆಸರಿಡುವುದಿತ್ತು. ತೊಟ್ಟಿಲು ಒಯ್ಯಲು ಯಾರೂ ಬರಲಿಲ್ಲ. ಗುರುವಾರ ಸಂಜೆ ಅವರ ಕಟ್ಟೆಯ ಮುಂದೆ ಹುಬ್ಬಳ್ಳಿಯ ಬಾಡಿಗೆ ತೊಟ್ಟಿಲು ಇಳಿಯಿತು, ತಗಡಿನದು. ಗೌರಕ್ಕ ಸೆರಗು ಸಿಗಿಸಿಕೊಂಡು ಹೋಗಿ ನಿಂತಳು.

"ನಿನ್ನ ಮಗ ಯಾವುದರಾಗ ಮಲಗಿ ಬೆಳದಾನ, ಸಾವಕ್ಕಾ?"

"ಗೊತ್ತೈತ್ರಿ ಅಕ್ಕಾರ. ಬಾಣಂತಿ ಅಂಜಾಕತ್ತಾಳ್ರಿ. ನಾ ಏನ ಮಾಡ್ಲಿ?"

"ಅಂಜಾಕ ನಾ ಕೂಸು ತಿನ್ನಾಕಿ ಏನು?"

ಸಾವಕ್ಕ ತಗಡಿನ ತೊಟ್ಟಿಲನ್ನು ಎತ್ತಿಕೊಂಡು ಒಳಗೆ ನಡೆದಳು. ಗೌರಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

ಶನಿವಾರ ಬಾಳಕೃಷ್ಣ ಪೇಢೆ ಡಬ್ಬಿ ಹಿಡಿದುಕೊಂಡು ಬಂದ. ತೊಟ್ಟಿಲ ಸೀನು ಜನಕ್ಕೆ ಬಹಳ ಹಿಡಿಸಿದೆಯಂತೆ, ಇನ್ನೊಮ್ಮೆ ಬೇಕಂತೆ. ಪೇಢೆ ಮಾತ್ರ ಅವನಿಗೆ ಮಗ ಹುಟ್ಟಿದ ಖುಷಿಗೆ. ಹೆಂಡತಿ ಬಾಣಂತನಕ್ಕೆ ಇಲ್ಲೇ ಹುಬ್ಬಳ್ಳಿಯ ಗೋಪನಕೊಪ್ಪದ ತವರಿನಲ್ಲಿದ್ದಾಳಂತೆ.

ಗೌರಕ್ಕ ಡಬ್ಬಿ ಮುಟ್ಟಲಿಲ್ಲ. "ಹೆಸರಿಡೂದು ಯಾವಾಗ?"

"ನಾಳೆ, ಅಮ್ಮಾ."

"ಇಲ್ಲೇ ಇಡು. ಗುಂಡಕಲ್ಲು ನಾ ಮಲಗಸ್ತೇನಿ, ಜೋಗುಳ ನಾ ಹಾಡ್ತೇನಿ. ನಿನ್ನ ಮಗ ಇದರಾಗ ಮಲಗಿದ್ದನ್ನ ಊರ ಮಂದಿ ನೋಡ್ಲಿ. ಆಮ್ಯಾಲೆ ನಿನಗ ಬೇಕಾದ್ದು ತಕ್ಕೋ."

ಪಡಸಾಲೆಯಲ್ಲಿ ತೂಗುಹಾಕಿದ್ದ ತೊಟ್ಟಿಲನ್ನು ಬಾಳಕೃಷ್ಣ ನೋಡಿದ. ನಗಲು ಹೋದ, ನಗು ಬರಲಿಲ್ಲ.

"ನಮ್ಮತ್ತೆ ಒಪ್ಪಲ್ಲ ಅಮ್ಮಾ. ಎಳೆ ಮಗು. ಯಾಕೆ ಸುಮ್ಮನೆ."

"ದೆವ್ವ ಹುಟ್ಟಿಸಿದಾಂವ ನೀನ. ನಿನ್ನ ಕೂಸಿಗೆ ಬ್ಯಾಡಾತು, ನಮ್ಮೂರ ಕೂಸಿಗೆ ನಡೀತೈತೇನು? ಪೇಢೆ ತಗೊಂಡು ನಡಿ. ಮತ್ತ ಈ ಹೊಸ್ತಿಲಾ ತುಳೀಬ್ಯಾಡ."

ಅವನ ಗಾಡಿ ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ತೊಟ್ಟಿಲ ಮೇಲಿನ ಧೂಳು ಒರೆಸಲು ಸೆರಗು ಹಿಡಿದು ಹೋದಳು. ಕೈ ತಾಗಿ ಅದು ತುಸು ತೂಗಿತು, ಸರಪಳಿ ಕಿರ್ರೆಂದಿತು. ಗೌರಕ್ಕ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಖಾಲಿ ತೂಗಬಾರದೆಂದು ಅತ್ತೆ ಹೇಳಿದ್ದ ಶಾಸ್ತ್ರ ನೆನಪಾಗಿ ಅಲ್ಲ. ಅವಳಿಗೂ ಅಂಜಿಕೆ ಬಂದಿತ್ತು.