ದುಂಡಮ್ಮನ ಅರ್ಧ ವಿಡಿಯೋ

ಕಮಲಾಪುರದಿಂದ ಬರೋ ಮುಂಜಾನಿ ಬಸ್ಸಿನ್ಯಾಗ ಬಾಳಿಹಣ್ಣಿನ ಬುಟ್ಟಿಗಿ ಜಾಗ ಸಿಗ್ತಿತ್ತು, ಬುಟ್ಟಿ ಹೊತ್ತಾಕಿಗಿ ಸಿಗ್ತಿದ್ದಿಲ್ಲ. ದುಂಡಮ್ಮ ಕಲಬುರಗಿತನಕ ನಿಂತೇ ಬರ್ತಿದ್ಳು. ಇಳಿದು, ಸೊಂಟ ಹಿಡ್ಕೊಂಡು, ಜೇವರ್ಗಿ ಕಾಲೋನಿ ಗೇಟಿನ ಬಾಜೂಕ ಬೇವಿನ ಗಿಡದ ಬುಡಕ ಗೋಣಿಚೀಲ ಹಾಸಿ ಕೆಂಪು ಬಾಳಿ ಚಿಪ್ಪು ಹೊಂದಿಸಿ ಇಡ್ತಿದ್ಳು. ಗಂಡ ಸತ್ತ ಮ್ಯಾಲ ಆ ಗೋಣಿಚೀಲದಷ್ಟು ನೆಲದ ಮ್ಯಾಲೇ ಆಕಿ ಮನಿ ನಡದದ. ಆ ನೆಲ ಹೋದ್ರ ಒಲಿ ಹತ್ತಂಗಿಲ್ಲ.

ಆಷಾಢ ಏಕಾದಶಿ ಹತ್ರ ಬಂದಿತ್ತು. ಕಾಲೋನಿ ತುಂಬ ವಿಠ್ಠಲನ ಭಕ್ತರು. ಉಪವಾಸ ಅಂದ್ರ ಹಣ್ಣು, ಹಣ್ಣು ಅಂದ್ರ ದುಂಡಮ್ಮನ ಕೆಂಪು ಬಾಳಿ. ವರ್ಷದಾಗ ಅಷ್ಟು ವ್ಯಾಪಾರ ಮತ್ತ್ಯಾವತ್ತೂ ಆಗಂಗಿಲ್ಲ.

ಸೇಡಂ ರಸ್ತೆದಾಗ ಅಜಿತ ಅನ್ನೋ ಹುಡುಗ ಹೊಸಾ ಹಣ್ಣಿನ ಅಂಗಡಿ ಇಟ್ಟಿದ್ದ. ಗಾಜಿನ ಬಾಗಲಾ, ಒಳಗ ಏಸಿ. ಹಣ್ಣು ಮಾತ್ರ ದುಂಡಮ್ಮ ತರೋ ತೋಟದ್ದೇ, ನೋಡ್ರಿ. ನಿನ್ನ ಮಾಲೆಲ್ಲಾ ನನಗೇ ಹಾಕು, ಗೇಟಿನ ಹಂತೇಲಿ ಕೂಡೋದು ಬಿಡು ಅಂತ ಕೇಳಿದ್ದ. ನನ್ನ ಗಿರಾಕಿ ನನಗಿರಲಿ ತಮ್ಮಾ ಅಂದಿದ್ಳು ಈಕಿ.

ಆಮ್ಯಾಲ ಒಂದಿನ ನಕ್ಕೋತ ಮೊಬೈಲ್ ಹಿಡ್ಕೊಂಡು ಬಂದ. ದುಂಡಮ್ಮ ಆಗ ಚಿಪ್ಪಿನ ಕೊಯ್ದ ಜಾಗಕ್ಕ ಬೆರಳಿಲೆ ಸುಣ್ಣ ಹಚ್ಚಲಾಕತ್ತಿದ್ಳು. ಏನ್ ಹಚ್ಚಾಕತ್ತೀ ಅವ್ವಾ ಅಂದ. ಸುಣ್ಣ ಹಚ್ಚಿದ್ರ ಅಲ್ಲಿ ಕೊಳಿಯಂಗಿಲ್ಲ, ನಮ್ಮತ್ತಿನೂ ಹಿಂಗೇ ಹಚ್ಚತಿದ್ಳು ಅಂತ ಈಕಿ ಎಲ್ಲಾ ಹೇಳಿದ್ಳು. ಅದೇ ಡಬ್ಬಿಯಾಗಿನ ಸುಣ್ಣ ಎಲಿಗಿ ಸವರಿ, ಅಡಿಕಿ ಇಟ್ಟು, ಬಾಯಾಗ ಹಾಕ್ಕೊಂಡು ನಕ್ಕಳು. ಅಂವ ಅಷ್ಟೂ ಮೊಬೈಲಿನ್ಯಾಗ ವಿಡಿಯೋ ತಗೊಂಡ.

ಏಕಾದಶಿ ಹಿಂದಿನ ದಿನ ಮುಂಜಾನಿ ಆಕಿ ಫೋನಿಗೇ ಆ ವಿಡಿಯೋ ಬಂತು. ದುಂಡಮ್ಮಗ ಓದಾಕ ಬರಂಗಿಲ್ಲ. ತನ್ನ ಮಾರಿ, ತನ್ನ ಹಣ್ಣು, ಮ್ಯಾಲೊಂದು ಜೋರ ಹಾಡು. ಹಿಗ್ಗಿ ಹೀರಿಕಾಯಿ ಆದ್ಳು. ಬೀಗರಿಗಿ ಕಳಿಸಿದ್ಳು, ಗಿರಾಕಿಗೋಳಿಗಿ ಕಳಿಸಿದ್ಳು, ಸ್ಟೇಟಸ್ಸಿಗೂ ಇಟ್ಳು. ತನ್ನ ಕುತ್ತಿಗಿಗಿ ತಾನೇ ಹಗ್ಗ ಹಾಕ್ಕೊಂಡಳು, ಪಾಪ.

ಬಿಸಲೇರಿತು. ಒಬ್ಬರೂ ಬುಟ್ಟಿ ಕಡಿ ಬರಲಿಲ್ಲ. ದಿನಾ ಮಾತಾಡ್ಸಾಕಿ ಮಂಜುಷಾಬಾಯಿ ಸೆರಗ ಮೂಗಿಗಿ ಹಿಡ್ಕೊಂಡು ಹೋದ್ಳು. ಬಾಜೂಕ ಪೇರಲ ಮಾರೋ ಅಂಬರೀನ್‌ಗ ಅನುಮಾನ ಬಂತು. ದುಂಡಮ್ಮ ಕಳಿಸಿದ್ದು ಆಗ ತೆಗೆದು ನೋಡಿದ್ಳು. ಅದರ ಮ್ಯಾಲ ಬರೆದಿದ್ದು ಓದಿ ಹೇಳಿದ್ಳು: "ವಿಷ ಹಚ್ಚಿ ಹಣ್ಣು ಮಾಗಿಸೋ ಮುದುಕಿ. ಶುದ್ಧ ಹಣ್ಣಿಗೆ ನಮ್ಮ ಅಂಗಡಿಗೆ ಬನ್ನಿ." ಸುಣ್ಣ ಯಾಕ ಅಂತ ದುಂಡಮ್ಮ ಹೇಳಿದ ಮಾತು ತೆಗೆದು ಹಾಡು ಹಾಕಿದ್ರು. ಎಲಿ ತಿಂದಿದ್ದು ಕತ್ತರಿಸಿ ಒಗೆದಿದ್ರು.

ದುಂಡಮ್ಮ ಕೈಯಾಗಿನ ಚಿಪ್ಪು ಕೆಳಗಿಟ್ಟಳು. ಕಳ್ಳಿ ಅಂದಿದ್ರೂ ಸುಡಲಿ ಅಂತ ಬಿಡ್ತಿದ್ಳು, ಮಂದಿಗಿ ವಿಷಾ ತಿನಸಾಕಿ ಅಂದ್ರ ಯಾವ ಮಾರಿ ಹೊತ್ತು ಊರಿಗಿ ಹೋಗಬೇಕು? ಅತ್ತಳು. ಅತ್ತು, ಸೆರಗಿಲೆ ಮೂಗ ಒರಸ್ಕೊಂಡು ಸೆಟೆದು ಕುಂತಳು.

ಅಷ್ಟರಾಗ ಕಾಲೋನಿ ಸಂಘದ ಅಧ್ಯಕ್ಷರು ರಘೂತ್ತಮರಾಯರು ಬಂದ್ರು. ರಿಟೈರ್ ಆದ ಸಾಹೇಬ್ರು, ಮೆತ್ತಗ ಮಾತಾಡೋ ಮನುಷ್ಯಾ. ಆ ವಿಡಿಯೋ ತಮಗೂ ಬಂದಿತ್ತಂತ, ಮಂದಿ ಹುಷಾರಿರಲಿ ಅಂತ ಕಾಲೋನಿ ಗ್ರೂಪಿಗಿ ತಾವೇ ಹಾಕಿದ್ರಂತ.

"ನೋಡಮ್ಮಾ, ಖರೆ ಏನದ ಅಂತ ಗೊತ್ತಾಗೋತನಕ ಇಲ್ಲಿ ಕೂಡಬ್ಯಾಡ," ಅಂದ್ರು.

"ರಾಯರೆ, ಖರೆ ಗೊತ್ತಾಗೋತನಕ ನಾ ಕೂಡಬಾರದು. ಖರೆ ಗೊತ್ತಾಗೋತನಕ ನೀವು ಕಳಸದೇ ಇರಬಹುದಿತ್ತಲ್ರಿ?"

ರಾಯರು ಕೆಮ್ಮಿದ್ರು. ಅಂಬರೀನ್ ನಡೆದಿದ್ದೆಲ್ಲಾ ಬಿಡಿಸಿ ಹೇಳಿದ್ಳು. ಅಜಿತನ ಅಂಗಡಿ ಹೆಸರು ವಿಡಿಯೋದ ಕೆಳಗೇ ಅದಲ್ರಿ, ಓದಿದವರಿಗಿ ಅದೂ ಕಾಣಲಿಲ್ಲೇನ್ರಿ ಅಂದ್ಳು. ರಾಯರು, ಆಯ್ತು, ಅಳಿಸಿ ಬಿಡ್ತೀನಿ ಅಂದ್ರು.

"ಅಳಿಸಬ್ಯಾಡ್ರಿ," ಅಂದ್ಳು ದುಂಡಮ್ಮ. "ನೋಡಿದವರ ತಲಿಯಾಗ ನಾ ವಿಷದಾಕಿನೇ ಉಳೀತೀನಿ. ಎಲ್ಲಿ ಹಾಕೀರಿ ಅಲ್ಲೇ, ಅದರ ಕೆಳಗ, ಸುಳ್ಳದ ಅಂತ ನಿಮ್ಮ ಹೆಸರಿಲೇ ಬರೀರಿ. ಅಜಿತನ ಮ್ಯಾಲ ಪೊಲೀಸ್ ಠಾಣೆಗಿ ಹೋಗೋದು ಇದ್ದೇ ಅದ. ಮೊದಲ ಇದು."

ಗ್ರೂಪಿನ್ಯಾಗ ಅಂಥಾ ಪದ್ಧತಿ ಇಲ್ಲ ಅಂದ್ರು ರಾಯರು. ನಾಳಿ ಪೂಜಾಕ್ಕ ತುಳಸಿ ಮಾಲಿ ಬೇಕು ಅಂತ ಬಾಜೂಕ ಹೂವು ಮಾರೋ ಖಂಡೆಪ್ಪನ ಬುಟ್ಟಿ ಕಡಿ ತಿರಗಿದ್ರು. ಖಂಡೆಪ್ಪ ಬುಟ್ಟಿ ಮ್ಯಾಲ ಹಸಿ ಬಟ್ಟಿ ಎಳದು ಮುಚ್ಚಿದ. ಇಮಾಮುದ್ದೀನ್ ಕಾಯಿಪಲ್ಯಾದ ಗಾಡಿ ಆ ಕಡಿ ತಿರಗಿಸಿ ನಿಂತ. ಅಂಬರೀನ್ ತಕ್ಕಡಿ ಮಡಿಚಿ ಚೀಲದಾಗ ಇಟ್ಟಳು. ಇವತ್ತು ಈಕಿದು, ನಾಳಿ ನಮ್ಮದು, ಬರಿಯೋತನಕ ಮಾರಂಗಿಲ್ರಿ ಅಂದ ಖಂಡೆಪ್ಪ. ಗೇಟಿನ್ಯಾಗ ಚೀಲಾ ಹಿಡ್ಕೊಂಡ ಮಂದಿ ಗುಂಪು ಕೂಡಿತು. ಏನ್ರಿ ರಾಯರೆ, ನಾಳಿ ಏಕಾದಶಿ ಅಂತ ಹಿಂದಿನಿಂದ ಯಾರೋ ಗೊಣಗಿದ್ರು.

ರಾಯರು ಚಷ್ಮಾ ಸರಿ ಮಾಡ್ಕೊಂಡು ಬರೆದ್ರು. ದುಂಡಮ್ಮ ಓದಿಸಿದ್ಳು. ಅಂಬರೀನ್ ಎಲ್ಲಾರಿಗೂ ಕೇಳಂಗ ಓದಿದ್ಳು: "ಬಾಳೆಹಣ್ಣಿನ ವಿಡಿಯೋದಲ್ಲಿ ತಪ್ಪು ಮಾಹಿತಿ ಇರಬಹುದು."

"ಇರಬಹುದು ಅನ್ನೋದು ತೆಗೀರಿ," ಅಂದ್ಳು ದುಂಡಮ್ಮ. "ವಿಷಾ ಹಚ್ಚತಾಳ ಅಂತ ಹಾಕುವಾಗ ಹಚ್ಚತಿರಬಹುದು ಅಂತ ಹಾಕಿದ್ರೇನು?"

ಖಂಡೆಪ್ಪ ಬುಟ್ಟಿ ಮ್ಯಾಲಿನ ಬಟ್ಟಿ ತೆಗೀಲಿಲ್ಲ. ರಾಯರು ಮತ್ತ ಫೋನಿನ ಮ್ಯಾಲ ಬಗ್ಗಿದ್ರು.