ನಗಿಸುವ ಪುಟ

ಚರಿತ್ರೆ ಎಂದರೆ ಕಬ್ಬಿಣದ ಕಡಲೆ ಎಂದು ಮೂಗು ಮುರಿಯುವವರನ್ನು ವಾಚನಾಲಯದ ಮೇಡಂ ಸುಮ್ಮನೆ ಬಿಡುತ್ತಿರಲಿಲ್ಲ. ಯಾವುದೋ ರಾಜನ ಜೀವನಚರಿತ್ರೆ ಕೈಗಿಟ್ಟು, "ಪಟ್ಟಾಭಿಷೇಕ ಹಾಳಾಗಲಿ, ಹಲ್ಲುನೋವಿನ ಅಧ್ಯಾಯದಿಂದ ಶುರು ಮಾಡಿ" ಎನ್ನುವರು. ಓದಿದವರು ಮರುವಾರವೇ ಇನ್ನೊಬ್ಬ ರಾಜನನ್ನು ಕೇಳಿಕೊಂಡು ಬರುತ್ತಿದ್ದರು. ನಾಟಕದವರ ಆತ್ಮಕಥೆಗಳಲ್ಲಿ ಅವರ ಅಚ್ಚುಮೆಚ್ಚು ಹಿರಿಯ ನಟನೊಬ್ಬನದು. ಅದರ ನೂರಾ ಹನ್ನೆರಡನೇ ಪುಟ ಓದಿದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ ಎಂದು ಊರಿಗೆಲ್ಲ ಸಾರಿದ್ದರು.

ಆ ಪುಟದಲ್ಲಿ ಯುದ್ಧದ ದೃಶ್ಯ. ರಾಜನ ವೇಷದ ನಟನಿಗೆ ಮಾತು ಮರೆತಿದೆ. ಪರದೆಯ ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್ "ಅಯ್ಯೋ, ಹೋದಳಾ?" ಎನ್ನುತ್ತಾನೆ. ನಟ ಹಿಂದೆಮುಂದೆ ನೋಡದೆ, ಕತ್ತಿ ಎತ್ತಿ, ಸೇನಾಪತಿಯ ಮುಖಕ್ಕೇ ಗರ್ಜಿಸುತ್ತಾನೆ: "ಅಯ್ಯೋ, ಹೋದಳಾ!" ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರಂತೆ. ಪ್ರಾಂಪ್ಟರಿಗೆ ತಲೆ ಕೆಟ್ಟಿತ್ತು ಎಂದು ನಟ ಬರೆದಿದ್ದಾನೆ. ನಟನೆಂದ ಮೇಲೆ ತನ್ನ ಮರೆವನ್ನು ಇನ್ನೊಬ್ಬರ ತಲೆಗೆ ಕಟ್ಟದೆ ಇರುತ್ತಾನೆಯೇ?

ಒಂದು ಮಧ್ಯಾಹ್ನ ಮುದುಕರೊಬ್ಬರು ಆ ಪುಸ್ತಕ ವಾಪಸ್ ತಂದರು.

"ಹೇಗಿತ್ತು ತಾತ? ನಗು ಬಂತಾ?"

"ಆ ಪ್ರಾಂಪ್ಟರ್ ನಾನೇ ಕಣಮ್ಮ."

ಮೇಡಂ ಖುಷಿಯಿಂದ ಎದ್ದೇ ನಿಂತರು. "ಹೌದಾ! ಆ ಮಾತು ಎಲ್ಲಿಂದ ತಂದ್ರಿ?"

"ನನ್ನ ಹೆಂಡತಿ ಆಸ್ಪತ್ರೇಲಿದ್ಲು. ತಮ್ಮ ಅಲ್ಲಿಂದ ಓಡಿ ಬಂದ. ಅಣ್ಣಾ, ಅತ್ತಿಗೆ ಹೋಗ್ಬಿಟ್ರು ಅಂದ. ನಾನು ಕೇಳಿದ್ದು ಅವನನ್ನ."

ಎದ್ದು ನಿಂತಿದ್ದ ಮೇಡಂ ಕುಳಿತರು. ಆ ಸಾವಿಗೆ ತಾನು ಎಷ್ಟು ಜನರನ್ನು ನಗಿಸಿದೆನೋ ಎಂದು ನಾಚಿಕೆಯಾಯಿತು.

"ಆಮೇಲೆ?" ಎಂದರು ಮೆಲ್ಲಗೆ.

"ಆಮೇಲೇನು? ರಾಜ ಕತ್ತಿ ಎತ್ಕೊಂಡು ನಿಂತಿದ್ದ. ಮುಂದಿನ ಸಾಲು ಕೊಟ್ಟೆ. ಅಂಕ ಮುಗಿದ ಮೇಲೆ ಹೋದೆ."

"ಇನ್ಮೇಲೆ ಈ ಪುಸ್ತಕ ಯಾರಿಗೂ ಕೊಡಲ್ಲ ತಾತ."

"ಛೆ, ಕೊಡಮ್ಮ. ನಾನು ಆ ನಟನಿಗೆ ಹೇಳ್ಲೇ ಇಲ್ಲ, ಅವನದೇನು ತಪ್ಪು? ಅವಳ ಸುದ್ದಿ ಇರೋದು ಇದೊಂದೇ ಪುಸ್ತಕದಲ್ಲಿ. ಒಬ್ಬರಿಗಾದ್ರೂ ಗೊತ್ತಿರಲಿ ಅಂತ ಬಂದೆ."

ಮರುದಿನ ಎದುರಂಗಡಿಯ ದರ್ಜಿ ಬಂದು, "ನಗು ಬರೋ ಪುಸ್ತಕ ಯಾವುದಾದ್ರೂ ಕೊಡಿ ಮೇಡಂ" ಎಂದ. ಅವರು ಅದನ್ನೇ ತೆಗೆದರು. ಎಂದಿನ ಮಾತು ಬಾಯಿಗೆ ಬರಲಿಲ್ಲ.

"ನಗು ಬಂದ್ರೆ ನಗಿ," ಎಂದರು. "ವಾಪಸ್ ಕೊಡುವಾಗ ನನ್ನ ಹತ್ತಿರ ಬನ್ನಿ. ಹೋದವಳು ಯಾರು ಅಂತ ಹೇಳ್ತೀನಿ."